ಕೇಳದ ಹಕ್ಕಿಗಳ ಪಟ್ಟಿ

ಕೊಪ್ಪ
ಮದ್ದೂರು ತಾಲೂಕು
20 ಜನವರಿ 2025

ರಾಜೇಂದ್ರನಿಗೆ,

ನನ್ನ ಅಕ್ಷರ ನೋಡಿದ ಕೂಡಲೇ ಕಾಗದ ಹರಿದು ಹಾಕಬೇಡ. ಎರಡು ವರ್ಷದಿಂದ ನಿನ್ನ ನಂಬರನ್ನು ಬ್ಲಾಕ್ ಮಾಡಿ ಇಟ್ಟಿದ್ದೇನೆ. ಅದನ್ನು ತೆಗೆಯುವುದು ಒಂದು ನಿಮಿಷದ ಕೆಲಸ. ಆದರೆ ನನ್ನ ಫೋನು ಬೆಳಿಗ್ಗೆ ವನಜಾಳ ಕೈಯಲ್ಲಿರುತ್ತದೆ, ಸಂಜೆ ಮಗಳು ಮಂಜುಶ್ರೀ ಓದಿಗೆಂದು ಹಿಡಿದುಕೊಂಡು ಕೂರುತ್ತಾಳೆ. ಅವರಿಬ್ಬರೂ ಓದಬಾರದ ವಿಷಯ ಇದು. ಮಾತಾಡಿಬಿಡೋಣವೆಂದರೆ ಫೋನಿನಲ್ಲಿ ನಿನ್ನ ಮಾತು ನನಗೆ ತಿಳಿಯುವುದಿಲ್ಲ. ವಿಷಯವೇ ಅದು. ನನಗೆ ಕಿವಿ ಕೇಳಿಸುತ್ತಿಲ್ಲ.

ಹೋದ ವರ್ಷ ಫೆಬ್ರವರಿಯಲ್ಲಿ ಮೊದಲು ಗೊತ್ತಾಯಿತು. ನಮ್ಮ ಕೆರೆಯ ತೂಬಿನ ಹತ್ತಿರದ ಜಾಲಿ ಗಿಡದಲ್ಲಿ ಟುವ್ವಿ ಹಕ್ಕಿ ಕೂತಿತ್ತು. ಕೊಕ್ಕು ತೆರೆದು ಮುಚ್ಚಿ ಮಾಡುತ್ತಿತ್ತು, ಗಂಟಲು ಉಬ್ಬುತ್ತಿತ್ತು, ಬಾಲ ಕುಣಿಯುತ್ತಿತ್ತು. ಸದ್ದು ಮಾತ್ರ ಇಲ್ಲ. ಪಾಪ, ಹಕ್ಕಿಗೇ ಏನೋ ಕಾಯಿಲೆ ಎಂದುಕೊಂಡೆ. ನನ್ನ ಜಂಬ ಎಷ್ಟು ನೋಡು. ಮೈಸೂರಿನ ಡಾಕ್ಟರು ಪರೀಕ್ಷೆ ಮಾಡಿ, ಎರಡೂ ಕಿವಿಯ ನರ ಸೋತಿದೆ, ಸಣ್ಣ ದನಿಗಳು ಮೊದಲು ಹೋಗುತ್ತವೆ, ಉಳಿದವು ಒಂದೊಂದಾಗಿ ಹಿಂದೆಯೇ ಹೋಗುತ್ತವೆ, ಮೆಷಿನ್ ಹಾಕಿಕೊಳ್ಳಿ ಎಂದರು. ನನಗೆ ನಲವತ್ತೇಳು ವರ್ಷ. ಯಾರಿಗೂ ಹೇಳದೆ ಬಸ್ಸು ಹತ್ತಿ ವಾಪಸು ಬಂದೆ. ತರಗತಿಯಲ್ಲಿ ಹಾಜರಿ ಕೂಗಿದಾಗ ಹಿಂದಿನ ಬೆಂಚಿನ ಹುಡುಗಿಯರ ತುಟಿ ನೋಡಿ ಗುರುತು ಹಾಕುತ್ತೇನೆ.

ಶಾಲೆ ಹೇಗೋ ನಡೆಯುತ್ತದೆ. ಕೆರೆಯದೇ ಭಯ. ಇಪ್ಪತ್ತು ವರ್ಷದ ಹಿಂದೆ ನಾವಿಬ್ಬರೂ ಸೇರಿ ಶುರು ಮಾಡಿದ ಹಕ್ಕಿ ನಡಿಗೆ ಈಗಲೂ ಅದೇ ಕಟ್ಟುಪಾಡಿನಲ್ಲಿ ನಡೆಯುತ್ತಿದೆ. ಬೆಳಕು ಹರಿಯುವ ಹೊತ್ತಿಗೆ ತೂಬಿನ ಹತ್ತಿರ ಸೇರುವುದು, ಫೋನು ಆರಿಸುವುದು. ನಾನು ಕೈ ಎತ್ತಿದರೆ ಎಲ್ಲರೂ ನಿಂತಲ್ಲೇ ನಿಲ್ಲುವುದು, ಕೈ ಇಳಿಯುವ ತನಕ ತುಟಿ ಬಿಚ್ಚದಿರುವುದು. ನಾನು ದನಿ ಕೇಳಿ ಹೆಸರು ಹೇಳುತ್ತೇನೆ, ಅವರು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ನೀನು ಕಣ್ಣು, ನಾನು ಕಿವಿ ಎಂದು ಜನ ಹೇಳುತ್ತಿದ್ದರಲ್ಲ. ಈಗ ಆ ಕಿವಿ ಏನು ಮಾಡುತ್ತಿದೆ ಗೊತ್ತಾ? ಊಹೆ. ಈ ಹೊತ್ತಿಗೆ ಈ ಪೊದೆಯಲ್ಲಿ ಈ ಹಕ್ಕಿ ಕೂಗಬೇಕು ಎಂಬ ಅಂದಾಜಿನ ಮೇಲೆ ಹೆಸರು ಹೇಳುತ್ತೇನೆ. ಇದುವರೆಗೆ ಯಾರೂ ಇಲ್ಲ ಅಂದಿಲ್ಲ.

ಮಾರ್ಚ್ ಒಂಬತ್ತು, ಭಾನುವಾರ, ವರ್ಷದ ದೊಡ್ಡ ನಡಿಗೆ. ನಮ್ಮ ಶಾಲೆಯ ಮಕ್ಕಳು ಬರುತ್ತಾರೆ, ಮೈಸೂರಿನಿಂದ ಕ್ಯಾಮೆರಾದವರು ಬರುತ್ತಾರೆ, ನಲವತ್ತು ಜನಕ್ಕೆ ಕಮ್ಮಿಯಿಲ್ಲ. ನೀನು ಬಂದು ನನ್ನ ಎಡಗಡೆ ನಿಂತುಕೊಂಡರೆ ಸಾಕು. ಟುವ್ವಿ ಕೂಗಿದರೆ ಒಂದು ಸಲ ನನ್ನ ಬೆರಳು ಮುಟ್ಟು, ಮಿಂಚುಳ್ಳಿಯಾದರೆ ಎರಡು ಸಲ. ಉಳಿದದ್ದು ಆಮೇಲೆ ಗೊತ್ತು ಮಾಡಿಕೊಳ್ಳೋಣ.

ನಿನ್ನನ್ನು ಕ್ಷಮಿಸಿದ್ದೇನೆ ಅಂದುಕೊಳ್ಳಬೇಡ. ಬಕದ ಗೂಡು ಚೆನ್ನಾಗಿ ಕಾಣಲಿ ಎಂದು ಅದರ ಮುಂದಿನ ಜೊಂಡು ಕುಯ್ದು ಫೋಟೋ ತೆಗೆದೆ. ಎರಡೇ ದಿನಕ್ಕೆ ಮೂರು ಮರಿಗಳನ್ನೂ ಹದ್ದು ಎತ್ತಿಕೊಂಡು ಹೋಯಿತು. ಆ ಫೋಟೋಗೆ ನಿನಗೆ ಬಹುಮಾನ ಬಂತು. ಅದನ್ನು ಮರೆತು ಬರೆಯುತ್ತಿಲ್ಲ. ಆದರೂ ಕೆರೆಯ ದನಿಗಳನ್ನು ನನ್ನಷ್ಟೇ ಬಲ್ಲವನು ನೀನೊಬ್ಬನೇ, ಬೇರೆ ಯಾರನ್ನು ಕೇಳಲಿ? ಉತ್ತರವನ್ನು ಶಾಲೆಯ ವಿಳಾಸಕ್ಕೆ ಬರೆ.

ಇತಿ,
ಸಿದ್ದೇಶ್


ಮಳವಳ್ಳಿ
1 ಫೆಬ್ರವರಿ 2025

ಸಿದ್ದೇಶ್ ಮೇಷ್ಟ್ರಿಗೆ,

ಕಾಗದ ಹರಿಯಲಿಲ್ಲ. ಸ್ಟುಡಿಯೋದಲ್ಲಿ ಕೂತು ಮೂರು ಸಲ ಓದಿದೆ. ಪೆನ್ಷನ್ ಅರ್ಜಿಗೆ ಫೋಟೋ ತೆಗೆಸಲು ಬಂದಿದ್ದ ಅಜ್ಜಿ, “ಯಾರ್ಗೇನಾಯ್ತಪ್ಪ, ಮಕ ಯಾಕಂಗ್ ಮಾಡ್ಕಂಡಿದ್ದೀಯ?” ಅಂದಳು. ನಮ್ಮ ಹುಡುಗನಿಗೆ ಮೈ ಸರಿಯಿಲ್ಲ ಅಂದೆ. ನಲವತ್ತೇಳರ ಹುಡುಗ ಎಂದು ಹೇಳಲಿಲ್ಲ.

ಹಾಸ್ಟೆಲಿನಲ್ಲಿದ್ದಾಗ ನೀನು ಚಾಪೆಯ ಮೇಲೆ ಮಲಗಿಯೇ, ಕಿಟಕಿಯ ಆಚೆ ಕೂಗಿದ್ದು ಗಂಡು ಕೋಗಿಲೆಯೋ ಹೆಣ್ಣೋ ಎಂದು ಹೇಳುತ್ತಿದ್ದವನು. ಆ ಕಿವಿಗೆ ಹೀಗಾಯಿತಲ್ಲ ಎಂದು ಬಹಳ ಬೇಜಾರಾಯಿತು. ಆಮೇಲೆ ಸಿಟ್ಟು ಬಂತು. ಇಷ್ಟು ವರ್ಷದಲ್ಲಿ ನೀನು ನನ್ನನ್ನು ಏನಾದರೂ ಬೇಕೆಂದು ಕೇಳಿದ್ದು ಇದೇ ಮೊದಲು. ಅದೂ ಕಳ್ಳಾಟಕ್ಕೆ. ಬೆರಳು ಮುಟ್ಟಿ ಸನ್ನೆ ಮಾಡುವುದು ಇಸ್ಪೀಟಿನಲ್ಲಿ ಸರಿ ಕಣಪ್ಪ, ಮಕ್ಕಳನ್ನು ಹಿಂದೆ ಕಟ್ಟಿಕೊಂಡು ಹೋಗುವವನು ಮಾಡುವ ಕೆಲಸವಲ್ಲ. ನಾನು ಬರುವುದಿಲ್ಲ.

ಹಕ್ಕಿ ಕೂಗಿದ್ದು ಕೇಳದಿದ್ದರೆ ಪಟ್ಟಿಯಲ್ಲಿ ಒಂದು ಹೆಸರು ತಪ್ಪುತ್ತದೆ, ಅಷ್ಟೆ. ಆನೆ ಬಂದದ್ದು ಕೇಳದಿದ್ದರೆ? ಮುತ್ತತ್ತಿ ಕಾಡಿನ ಕಡೆಯಿಂದ ಎದ್ದ ಆನೆಗಳು ಶಿಂಷಾ ದಾಟಿ ನಿಮ್ಮ ಕಡೆಯ ಕಬ್ಬಿನಲ್ಲಿ ಬೀಡುಬಿಟ್ಟಿವೆ ಎಂದು ಇಲ್ಲಿ ಟೀ ಅಂಗಡಿಯಲ್ಲೂ ಮಾತು. ಹಗಲೆಲ್ಲ ಕಬ್ಬಿನೊಳಗೆ ಸದ್ದಿಲ್ಲದೆ ಇದ್ದು ಬೆಳಿಗ್ಗೆ ಸಂಜೆ ನೀರಿಗೆ ಎದ್ದು ಬರುತ್ತವಂತೆ. ನಿಮ್ಮ ಕೆರೆಯ ಆಚೆ ಏರಿಗೆ ಅಂಟಿಕೊಂಡೇ ಪುಟ್ಟಮಾದಮ್ಮನ ಕಬ್ಬಿದೆ. ನೀನು ಮುಂದೆ, ನಲವತ್ತು ಜನ ನಿನ್ನ ಹಿಂದೆ, ಎಲ್ಲರ ಫೋನೂ ಆರಿರುತ್ತದೆ.

ನಿನಗೆ ಬುದ್ಧಿ ಹೇಳುವುದು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಆದರೂ ಹೇಳುತ್ತೇನೆ. ಮೊದಲು ವನಜಾಗೆ ಹೇಳು. ಆಮೇಲೆ ಹೆಡ್‌ಮಾಸ್ಟರ್ ಚೌಡಯ್ಯನವರಿಗೆ ಹೇಳಿ ಈ ವರ್ಷ ಬೇರೆ ಯಾರಾದರೂ ನಡೆಸಲಿ ಅನ್ನು.

ಜೊಂಡಿನ ಮಾತು ತೆಗೆದೆಯಲ್ಲ. ಖಾಲಿ ಗೂಡನ್ನು ನಿನಗಿಂತ ಮೊದಲು ನೋಡಿದವನು ನಾನೇ. ಅದರ ಬಗ್ಗೆ ನಾನು ಏನೂ ಬರೆಯಲಾರೆ.

ರಾಜೇಂದ್ರ


ಕೊಪ್ಪ
10 ಫೆಬ್ರವರಿ 2025

ರಾಜೇಂದ್ರ,

ನೀನು ಬರುವುದಿಲ್ಲ ಎಂದ ಮೇಲೆ ಹಟ ಬಂತು. ನಿನ್ನೆ ಭಾನುವಾರದ ಸಣ್ಣ ನಡಿಗೆಯನ್ನು ನಾನೇ ನಡೆಸಿದೆ. ಹನ್ನೊಂದು ಜನ ಇದ್ದರು, ಎಲ್ಲರೂ ದೊಡ್ಡವರು. ನಡೆದದ್ದನ್ನು ನಿನಗೆ ಬಿಟ್ಟು ಯಾರಿಗೂ ಹೇಳುವ ಹಾಗಿಲ್ಲ, ಆದ್ದರಿಂದ ಬರೆಯುತ್ತೇನೆ.

ಆಚೆ ಏರಿಯ ಮೇಲೆ ಅರ್ಧ ದಾರಿ ಹೋಗಿದ್ದೆವು. ಜೊಂಡಿನ ಅಂಚಿನಲ್ಲಿ ಸೂಜಿಬಾಲದ ಬಾತುಗಳು ಹಿಂಡಾಗಿ ಕೂತಿದ್ದವು. ಕ್ಯಾಮೆರಾದವರಿಗೆ ಹತ್ತಿರದಿಂದ ಸಿಗಲಿ ಎಂದು ಕೈ ಎತ್ತಿದೆ. ಎಲ್ಲರೂ ನಿಂತರು. ಗಾಳಿ ಎದುರಿನಿಂದ ಬೀಸುತ್ತಿತ್ತು. ಎಷ್ಟು ಹೊತ್ತು ಕೈ ಎತ್ತಿಕೊಂಡಿದ್ದೆನೋ ಗೊತ್ತಿಲ್ಲ, ಬಾತುಗಳನ್ನೇ ನೋಡುತ್ತಿದ್ದೆ. ಇದ್ದಕ್ಕಿದ್ದ ಹಾಗೆ ಯಾರೋ ನನ್ನ ರಟ್ಟೆ ಹಿಡಿದು ಎಳೆದರು. ನೋಡಿದರೆ ಪುಟ್ಟಮಾದಮ್ಮ. ಹುಲ್ಲಿನ ಹೊರೆ ಬಿಸಾಕಿ ಏರಿ ಹತ್ತಿ ಓಡಿ ಬಂದಿದ್ದಳು.

“ಏನ್ ಮೇಷ್ಟ್ರೇ, ಕಿವಿಗೆ ಅತ್ತಿ ಇಟ್ಕಂಡಿದ್ದೀರಾ? ಆಗ್ಲಿಂದ ಬಡ್ಕತಾವ್ರೆ ಅಲ್ಲಿ ಎಂಗಸ್ರು, ಆನೆ ಎದ್ದದೆ ಅಂತ. ನಡೀರಿ ಇಂದಕ್ಕೆ, ಮೊದ್ಲು ನಡೀರಿ.”

ಅವಳು ಮುಖದ ಹತ್ತಿರ ಬಂದು ಬೈದದ್ದರಿಂದ ಇಷ್ಟೂ ಕೇಳಿಸಿತು. ನಾವು ತೂಬಿನ ಹತ್ತಿರ ವಾಪಸು ಬಂದು ತಿರುಗಿ ನೋಡುವಾಗ ಎರಡು ಆನೆ, ಒಂದು ಮರಿ, ನಾವು ನಿಂತಿದ್ದ ಜಾಗಕ್ಕೆ ನೂರು ಮಾರು ಮುಂದೆ ಏರಿ ದಾಟಿ ನೀರಿಗೆ ಇಳಿದವು.

ಕೂಗು ಕೇಳಿಸಲಿಲ್ಲವೇ ಎಂದು ಉಳಿದವರನ್ನು ಕೇಳಿದೆ. ಎಲ್ಲರಿಗೂ ಕೇಳಿಸಿತ್ತಂತೆ, ಶಿಳ್ಳೆ ಕೂಡ. ಹಾಗಾದರೆ ಯಾಕೆ ನಿಂತಿರಿ ಎಂದರೆ, “ನೀವ್ ಕೈ ಇಳಿಸ್ಲಿಲ್ವಲ್ಲ ಸಾರ್. ನಿಮ್ಗೂ ಕೇಳಿರ್ತದೆ, ಏನೂ ಭಯ ಇಲ್ಲ ಅಂತಾನೇ ನಿಂತಿದ್ದೀರಿ ಅಂದ್ಕಂಡ್ವು” ಅಂದರು. ಆಮೇಲೆ ಒಬ್ಬರು ನಕ್ಕು, ಮೇಷ್ಟ್ರು ಹಕ್ಕಿ ನೋಡಲು ನಿಂತರೆ ತಪಸ್ಸಿಗೆ ನಿಂತ ಹಾಗೆ ಎಂದರು. ಉಳಿದವರೂ ತಲೆ ಆಡಿಸಿದರು. ನಾನು ಏನು ಮಾಡಬೇಕಿತ್ತು ಹೇಳು? ನಾನೂ ನಕ್ಕೆ. ಆ ಹೊಗಳಿಕೆಯನ್ನು ತೆಗೆದುಕೊಂಡು ಮನೆಗೆ ಬಂದೆ.

ಬೇರೆಯವರು ನಡೆಸಲಿ ಅನ್ನುತ್ತೀಯ. ನಮ್ಮಪ್ಪ ಅಂಕಯ್ಯ ಇದೇ ಏರಿಯ ಮೇಲೆ ತಮಟೆ ಬಡಿದು ಊರಿನ ಸುದ್ದಿ ಸಾರುತ್ತಿದ್ದುದು ನಿನಗೆ ನೆನಪಿದೆ. ಸುದ್ದಿ ಕೇಳುತ್ತಿದ್ದರು, ಅವನನ್ನು ಯಾರು ಕೇಳಿದರು? ಒಂದು ದಿನವಾದರೂ ಅವನ ಮಾತಿಗೆ ಯಾರಾದರೂ ನಿಂತರಾ? ಈಗ ಅವನ ಮಗ ಅಲ್ಲಿ ಕೈ ಎತ್ತಿದರೆ ಊರಿನ ದೊಡ್ಡ ಮನೆಯವರೂ ಬಾಯಿ ಮುಚ್ಚಿ ನಿಲ್ಲುತ್ತಾರೆ. ಆ ಕೈಯನ್ನು ಇಳಿಸು ಅನ್ನುತ್ತಿದ್ದೀಯ, ರಾಜೇಂದ್ರ. ನೀನೂ ನಮ್ಮ ಕೇರಿಯವನೇ, ನಿನಗೆ ಬಿಡಿಸಿ ಹೇಳಬೇಕಾ?

ದೊಡ್ಡ ನಡಿಗೆಗೆ ನಲವತ್ತೆರಡು ಜನ ಹೆಸರು ಕೊಟ್ಟಿದ್ದಾರೆ. ಇಪ್ಪತ್ತು ಮಕ್ಕಳು. ಮಂಜುಶ್ರೀಯೂ ಬರುತ್ತಾಳೆ. ದಯವಿಟ್ಟು ಬಾ.

ಸಿದ್ದೇಶ್


ಮಳವಳ್ಳಿ
17 ಫೆಬ್ರವರಿ 2025

ಲೇ ಸಿದ್ದ,

ಹನ್ನೊಂದು ಜನ, ಇಪ್ಪತ್ತೆರಡು ಕಿವಿ, ಎಲ್ಲವೂ ಚೆನ್ನಾಗಿ ಕೇಳುವ ಕಿವಿ. ಆದರೂ ನಿನ್ನ ಒಂದು ಕೈ ನೋಡಿಕೊಂಡು ಆನೆಯ ದಾರಿಯಲ್ಲಿ ನಿಂತರಲ್ಲ. ನಿನ್ನ ಕಾಗದ ಓದಿದ ಮೇಲೆ ನನಗೆ ಆನೆಗಿಂತ ನಿನ್ನ ಕೈಯೇ ಹೆಚ್ಚು ಭಯವಾಗುತ್ತಿದೆ.

ನಾಳೆ ಚೌಡಯ್ಯನವರಿಗೆ ಫೋನ್ ಮಾಡಿಬಿಡುತ್ತೇನೆ ಎಂದು ದಿನಾ ಅಂದುಕೊಳ್ಳುತ್ತೇನೆ. ಶಾಲೆಯ ನಂಬರ್ ಒತ್ತಿ ಇಟ್ಟುಬಿಡುತ್ತೇನೆ. ನಾವಿಬ್ಬರೂ ಮಾತು ಬಿಟ್ಟಿರುವುದು ಊರಿಗೆಲ್ಲ ಗೊತ್ತು. ನಾನು ಹೇಳಿದರೆ, ಹೊಟ್ಟೆಕಿಚ್ಚಿಗೆ ಮೇಷ್ಟ್ರ ಮೇಲೆ ಇಲ್ಲದ್ದು ಹೇಳುತ್ತಾನೆ ಎನ್ನುತ್ತಾರೆ. ಅವರು ಅನ್ನದಿದ್ದರೂ ನೀನು ಅನ್ನುತ್ತೀಯ.

ಅಂಕಯ್ಯ ಮಾವನ ಮಾತು ಬರೆದೆಯಲ್ಲ. ಅದನ್ನು ಓದಿ ಅತ್ತುಬಿಟ್ಟೆ, ಸುಳ್ಳು ಹೇಳುವುದಿಲ್ಲ. ನಿನ್ನ ಕೈಗೆ ಜನ ನಿಂತದ್ದನ್ನು ನೋಡಿದಾಗ ನನಗೂ ಎದೆಯುಬ್ಬಿದೆ. ಆದರೆ ಮಾವ ತಮಟೆ ಬಡಿದು ಸಾರಿದ ಸುದ್ದಿ ಒಂದೂ ಸುಳ್ಳಿರಲಿಲ್ಲ ಕಣೋ. ಕಾಲರಾ ಅಂದರೆ ಕಾಲರಾ, ತೂಬು ಎತ್ತುತ್ತಾರೆ ಅಂದರೆ ತೂಬು ಎತ್ತುತ್ತಿದ್ದರು.

ಮಕ್ಕಳು ಬರುವ ಮೊದಲು ಹೇಳು. ಇನ್ನೂ ಇಪ್ಪತ್ತು ದಿನ ಇದೆ.

ರಾಜೇಂದ್ರ


ಕೊಪ್ಪ
22 ಫೆಬ್ರವರಿ 2025

ರಾಜೇಂದ್ರ,

ಇದೊಂದು ನಡಿಗೆ ಮುಗಿಯಲಿ. ಆಮೇಲೆ ಹೇಳುತ್ತೇನೆ, ಮಾತು ಕೊಡುತ್ತೇನೆ. ಆಚೆ ಏರಿಗೆ ಕರೆದುಕೊಂಡು ಹೋಗುವುದಿಲ್ಲ, ಈಚೆ ದಡದಲ್ಲೇ ತಿರುಗಿಸಿ ತಂದುಬಿಡುತ್ತೇನೆ. ಅರಣ್ಯ ಇಲಾಖೆಯವರು ಹೋದ ವಾರ ಪಟಾಕಿ ಹೊಡೆದು ಆನೆಗಳನ್ನು ಅಟ್ಟಿದ್ದಾರೆ, ಈಗ ಒಂದೂ ಇಲ್ಲವಂತೆ.

ನೀನು ಯಾರಿಗೂ ಹೇಳಬೇಡ. ಹೇಳಿದರೆ ನಮ್ಮಿಬ್ಬರ ನಡುವೆ ಇರುವ ಇಷ್ಟು ಕಾಗದವೂ ಮುಗಿಯಿತು ಎಂದು ತಿಳಿದುಕೋ.

ಸಿದ್ದೇಶ್


ಮಳವಳ್ಳಿ
3 ಮಾರ್ಚ್ 2025

ಸಿದ್ದ,

ನಿನ್ನೆ ಮದ್ದೂರಿನಲ್ಲಿ ಒಂದು ನಾಮಕರಣದ ಫೋಟೋ ಇತ್ತು. ಮುಗಿಸಿಕೊಂಡು ಬಸ್ ಸ್ಟ್ಯಾಂಡಿಗೆ ಬಂದರೆ ಕೊಪ್ಪದ ಬಸ್ಸಿಗೆ ಕಾಯುತ್ತ ವನಜಾ ನಿಂತಿದ್ದಳು. ಎರಡು ವರ್ಷದ ಮೇಲೆ ನೋಡಿದ್ದು. ಮುಖ ತಿರುಗಿಸಿಕೊಂಡು ಹೋಗುತ್ತಾಳೆ ಅಂದುಕೊಂಡೆ. ಅವಳೇ ಹತ್ತಿರ ಬಂದು, ಚೆನ್ನಾಗಿದ್ದೀಯಾ ಅಣ್ಣ ಎಂದು ಮಾತಾಡಿಸಿದಳು. ಆಮೇಲೆ ಬಸ್ಸು ಬರುವ ತನಕ ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ. ನನ್ನ ಮಾತಿನಲ್ಲಿ ಬರೆದರೆ ನೀನು ನಂಬುವುದಿಲ್ಲ.

“ನಾನೇನ್ ತಪ್ ಮಾಡಿದ್ದೀನಿ ಅಂತ ನೀನಾದ್ರೂ ಕೇಳಣ್ಣ. ಒಂದ್ ವರ್ಸಾಯ್ತು. ಇಂದ್ಗಡೆಯಿಂದ ಕೂಗಿದ್ರೆ ತಿರುಗ್ ನೋಡಲ್ಲ. ಏನಾರ ಯೇಳಿದ್ರೆ ಆಂ, ಆಂ ಅಂದ್ಬುಟ್ಟು ಎದ್ದೋಯ್ತಾರೆ. ಮನ್ನೆ ಜ್ವರ ಬಂದು ಮನೀಕಂಡಿದ್ದೆ, ನೀರ್ ಕೊಡಿ ಅಂತ ಮೂರ್ ಸಲ ಕೂಗ್ದೆ. ಬಾಗ್ಲಲ್ಲೇ ಕೂತಿದ್ರು, ಏಳ್ಲಿಲ್ಲ. ಬ್ಯಾರೆ ಏನಾರ ಮನ್ಸಲ್ಲಿಟ್ಕಂಡವ್ರಾ ಅಣ್ಣ?”

ಇದು ಅವಳು ಕೇಳಿದ ಪ್ರಶ್ನೆ. ನಿಜ ನಾಲಿಗೆಯ ತುದಿಗೆ ಬಂದಿತ್ತು. ನೀನು ಹೇಳಬೇಡ ಎಂದಿದ್ದೀಯ, ಅದೂ ನೆನಪಿಗೆ ಬಂತು. ಕೊನೆಗೆ, ಪರೀಕ್ಷೆ ಹತ್ತಿರ ಬಂತಲ್ಲಮ್ಮ, ಕೆಲಸದ ಗಡಿಬಿಡಿ ಇರುತ್ತದೆ ಎಂದೆ. ನಿನ್ನ ಸುಳ್ಳಿಗೆ ನನ್ನದೂ ಒಂದು ಸೇರಿತು. ಅವಳು ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಬಸ್ಸು ಹತ್ತಿದಳು.

ಅವಳಿಗೆ ಜ್ವರ ಬಂದದ್ದಾದರೂ ನಿನಗೆ ಗೊತ್ತಾ?

ಒಂಬತ್ತನೇ ತಾರೀಖು ನಾನು ಬರುವ ಹಾಗಿಲ್ಲ. ಕೆರಗೋಡಿನಲ್ಲಿ ಬೀಗರೂಟದ ಫೋಟೋ ಒಪ್ಪಿಕೊಂಡಿದ್ದೇನೆ. ಬರಬಹುದಾಗಿದ್ದರೂ ಬೆರಳು ಮುಟ್ಟುತ್ತಿರಲಿಲ್ಲ. ಈ ಕಾಗದ ಸೇರುವಾಗ ನಿನಗೆ ಎರಡು ಮೂರು ದಿನ ಉಳಿದಿರುತ್ತದೆ.

ರಾಜೇಂದ್ರ


ಕೆರಗೋಡು
9 ಮಾರ್ಚ್ 2025, ಸಂಜೆ

ಸಿದ್ದ,

ಬೀಗರೂಟದ ಶಾಮಿಯಾನದ ಹಿಂದೆ ಕುರ್ಚಿ ಹಾಕಿಕೊಂಡು ಇದನ್ನು ಬರೆಯುತ್ತಿದ್ದೇನೆ. ಬೆಳಿಗ್ಗೆಯಿಂದ ನಾಲ್ಕು ಸಲ ಫೋನ್ ಮಾಡಿದೆ. ನೀನು ಬ್ಲಾಕ್ ತೆಗೆದಿಲ್ಲವೋ, ನಡಿಗೆಗೆಂದು ಆರಿಸಿದ್ದು ಆರಿಸಿದ ಹಾಗೇ ಇದೆಯೋ ಗೊತ್ತಾಗಲಿಲ್ಲ. ವನಜಾಳ ನಂಬರು ನನ್ನ ಹತ್ತಿರ ಇಲ್ಲ. ಇರುವ ಶಾಲೆಯ ನಂಬರಿಗೆ ಭಾನುವಾರ ಯಾರು ಎತ್ತುತ್ತಾರೆ?

ಹನ್ನೊಂದು ಗಂಟೆಗೆ ಇಲ್ಲಿ ಊಟಕ್ಕೆ ಕೂತಿದ್ದವರೊಬ್ಬರು, ಕೊಪ್ಪದ ಕಡೆ ಆನೆ ಬಂದಿವೆಯಂತೆ ಎಂದರು. ಇವತ್ತಾ, ಮೊನ್ನೆಯಾ ಎಂದು ಕೇಳಿದರೆ, ಯಾರೋ ಅಂದರು ಅಷ್ಟೆ ಎಂದರು. ಮದುಮಗನ ತಂದೆ ಎಲೆ ಮುಂದೆ ಕೂತು ಫೋಟೋ ತೆಗಿ ಅನ್ನುತ್ತಾರೆ, ನಾನು ಒಂದು ಕೈಯಲ್ಲಿ ನಿನ್ನ ನಂಬರು ಒತ್ತುತ್ತಲೇ ಇನ್ನೊಂದರಲ್ಲಿ ತೆಗೆಯುತ್ತೇನೆ. ತೆಗೆದದ್ದೆಲ್ಲ ಅಲ್ಲಾಡಿದೆ.

ನಾನು ಹೇಳಿಬಿಡಬೇಕಿತ್ತು. ಬಸ್ ಸ್ಟ್ಯಾಂಡಿನಲ್ಲೇ ಹೇಳಿಬಿಡಬೇಕಿತ್ತು. ಮಕ್ಕಳೆಲ್ಲ ಮನೆ ಸೇರಿದರಾ ಎಂಬ ಒಂದು ಸಾಲು ಬರೆ, ಸಾಕು.

ರಾಜೇಂದ್ರ


ಕೊಪ್ಪ
14 ಮಾರ್ಚ್ 2025

ಪ್ರೀತಿಯ ರಾಜೇಂದ್ರ,

ಮಕ್ಕಳೆಲ್ಲ ಮನೆ ಸೇರಿದರು. ಆನೆ ಬರಲಿಲ್ಲ. ನಿನ್ನ ಎರಡೂ ಕಾಗದ ಒಂದೇ ದಿನ ಕೈಗೆ ಬಂದವು, ನಿನ್ನೆ. ವನಜಾ ಹೇಳಿದ್ದನ್ನು ಮೊದಲೇ ಓದಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಭಾನುವಾರ ಆರು ಗಂಟೆಗೆ ತೂಬಿನ ಹತ್ತಿರ ನಲವತ್ತೆರಡು ಜನ ಸೇರಿದ್ದರು. ಚೌಡಯ್ಯನವರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರು. ಎಲ್ಲರೂ ಫೋನು ಆರಿಸಿದರು. ನಾನು ಕೈ ಎತ್ತಿದೆ. ನೀರಿನ ಮೇಲೆ ಇನ್ನೂ ಮಂಜಿತ್ತು. ಕೆಂಬೂತದ ದಪ್ಪ ದನಿ ಹೇಗೋ ಕೇಳಿಸಿತು, ಅದನ್ನು ಹೇಳಿದೆ. ಸ್ವಲ್ಪ ಹೊತ್ತು ಬಿಟ್ಟು, ಯಾವಾಗಲೂ ಹೇಳುವ ಹಾಗೆಯೇ, “ತೂಬಿನ ಕೆಳಗೆ, ಬಲಕ್ಕೆ, ಸಣ್ಣ ಮಿಂಚುಳ್ಳಿ” ಅಂದೆ. ಆ ಹೊತ್ತಿಗೆ ಅದು ಅಲ್ಲಿ ಕೂಗಲೇಬೇಕು, ಇಪ್ಪತ್ತು ವರ್ಷದಿಂದ ಕೂಗಿದೆ.

ಎಲ್ಲರೂ ಬರೆದುಕೊಂಡರು. ಮೈಸೂರಿನ ಕ್ಯಾಮೆರಾದವರು ಉದ್ದ ಲೆನ್ಸುಗಳನ್ನು ಬಲಕ್ಕೆ ತಿರುಗಿಸಿ ಖಾಲಿ ತಂತಿಯ ಮೇಲೆ ಹಕ್ಕಿ ಹುಡುಕಿದರು. ಮಂಜುಶ್ರೀ ಮಾತ್ರ ಬರೆಯಲಿಲ್ಲ. ಹುಬ್ಬು ಗಂಟು ಹಾಕಿ ನೀರಿನ ಕಡೆ ಕಿವಿ ಕೊಟ್ಟಳು. ನನ್ನ ಮುಖ ನೋಡಿದಳು, ನನ್ನ ಕೈ ನೋಡಿದಳು. ಆಮೇಲೆ ತಲೆ ಬಗ್ಗಿಸಿ ಅವಳೂ ಬರೆದಳು.

ಅವಳ ಕಿವಿ ಎಂಥದು ನಿನಗೆ ಗೊತ್ತು. ಅಟ್ಟದ ಮೇಲೆ ಇಲಿ ಓಡಿದರೆ ಎಷ್ಟು ಇಲಿ ಎಂದು ಹೇಳುವವಳು. ನಾನು ಕೈ ಎತ್ತಿಕೊಂಡೇ ಅವಳ ಹತ್ತಿರ ಹೋಗಿ, ಮಂಜು, ನಿನಗೆ ಮಿಂಚುಳ್ಳಿ ಕೇಳಿಸಿತಾ ಎಂದೆ. ಮುಖ ಎದುರಿಗೇ ಇತ್ತು, ತುಟಿ ಚೆನ್ನಾಗಿ ಕಂಡಿತು.

“ಇಲ್ಲಪ್ಪ. ನಿಂಗ್ ಕೇಳಿಸ್ತಲ್ಲ, ಅದ್ಕೇ ಬರ್ಕಂಡೆ.”

ಯಾರಿಗೆ ಕೇಳಿಸಿತು ಕೈ ಎತ್ತಿ ಎಂದು ಎಲ್ಲರನ್ನೂ ಕೇಳಿದೆ. ಸ್ವಲ್ಪ ಹೊತ್ತು ಯಾರೂ ಎತ್ತಲಿಲ್ಲ. ಆಮೇಲೆ ಒಬ್ಬರು ಎತ್ತಿದರು, ಅವರನ್ನು ನೋಡಿ ಇನ್ನೊಬ್ಬರು, ನೋಡನೋಡುತ್ತ ಎಂಟು ಹತ್ತು ಕೈ. ಕ್ಯಾಮೆರಾದವರೊಬ್ಬರು ಹತ್ತಿರ ಬಂದು, ಸಣ್ಣಗೆ ಕೇಳಿಸ್ತು ಸಾರ್ ಅಂದರು. ರಾಜೇಂದ್ರ, ನನ್ನ ಜನ್ಮದಲ್ಲಿ ಅಷ್ಟು ಭಯ ಆಗಿರಲಿಲ್ಲ. ಇಲ್ಲದ ಹಕ್ಕಿಯನ್ನು ಕೇಳಿದೆವು ಅನ್ನುವವರು, ನಾನು ಆನೆ ಇಲ್ಲ ಎಂದರೆ ಎದುರಿಗೆ ಆನೆ ನಿಂತಿದ್ದರೂ ಇಲ್ಲ ಅಂದಾರು. ನನ್ನ ಮಗಳೂ ಅವರ ಜೊತೆ ನಿಂತಿರುತ್ತಾಳೆ.

ಕೈ ಇಳಿಸಿದೆ. ತೂಬಿನ ಕಲ್ಲಿನ ಮೇಲೆ ಹತ್ತಿ ನಿಂತು ಹೇಳಿದೆ. ನನಗೆ ಕಿವಿ ಕೇಳಿಸುವುದಿಲ್ಲ, ಒಂದು ವರ್ಷವಾಯಿತು, ಹೋದ ತಿಂಗಳು ಹೆಂಗಸರು ಕೂಗಿದ್ದೂ ಕೇಳಿಸಿರಲಿಲ್ಲ, ಮಿಂಚುಳ್ಳಿ ಸುಳ್ಳು. ಇಷ್ಟೇ. ಹೇಳಿದ ಮೇಲೆ ಎಲ್ಲರ ಬಾಯಿಗಳೂ ಒಟ್ಟಿಗೆ ಆಡಿದವು. ಬೈಯುತ್ತಿದ್ದರೋ ಸಮಾಧಾನ ಹೇಳುತ್ತಿದ್ದರೋ ನನಗೆ ಒಂದಕ್ಷರವೂ ತಿಳಿಯಲಿಲ್ಲ. ಚೌಡಯ್ಯನವರು ಎದುರಿಗೆ ಬಂದು ನಿಧಾನವಾಗಿ, “ನಿಮ್ಮನ್ ನಂಬ್ಕಂಡು ಮಕ್ಳುನ್ ಕರ್ಕಂಡ್ ಬಂದಿದ್ನಲ್ಲ ಮೇಷ್ಟ್ರೇ” ಅಂದರು. ಅದು ಮಾತ್ರ ಪೂರ್ತಿ ತಿಳಿಯಿತು. ನಡಿಗೆ ಅಲ್ಲಿಗೇ ನಿಂತಿತು. ಮಕ್ಕಳಿಗೆ ಶಾಲೆಯ ಅಂಗಳದಲ್ಲಿ ಚಿತ್ರಾನ್ನ ಕೊಟ್ಟು ಕಳಿಸಿದೆವು.

ವನಜಾ ಏನೂ ಕೂಗಾಡಲಿಲ್ಲ. ಎದುರಿಗೆ ಕೂತು, ನಾನು ತುಟಿ ನೋಡುವ ಹಾಗೆ ಒಂದೊಂದೇ ಮಾತು ಬಿಡಿಸಿ, “ಒಂದು ವರ್ಸ ನಾನೇನ್ ತಪ್ ಮಾಡ್ದೆ ಅಂತ ಕೊರಗ್ತಿದ್ದೆ” ಅಂದಳು. ನಾನು ಅತ್ತುಬಿಟ್ಟೆ. ಜ್ವರದ ವಿಷಯ ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.

ನಿನ್ನನ್ನು ಕಳ್ಳಾಟಕ್ಕೆ ಕರೆದದ್ದು ನನ್ನ ತಪ್ಪು. ನಂಬರಿನ ಬ್ಲಾಕ್ ತೆಗೆದಿದ್ದೇನೆ. ಆದರೂ ಸ್ವಲ್ಪ ದಿನ ಕಾಗದವನ್ನೇ ಬರೆ.

ನಿನ್ನ,
ಸಿದ್ದೇಶ್


ಕೊಪ್ಪ
6 ಏಪ್ರಿಲ್ 2025

ಪ್ರೀತಿಯ ರಾಜೇಂದ್ರ,

ನೀನು ಕೇಳಿದ್ದಕ್ಕೆಲ್ಲ ಉತ್ತರ. ಯುಗಾದಿಗೆ ಮುಂಚೆ ಮೈಸೂರಿಗೆ ಹೋಗಿ ಮೆಷಿನ್ ಹಾಕಿಸಿಕೊಂಡೆ, ವನಜಾ ಜೊತೆಗೆ ಬಂದಿದ್ದಳು. ಪಾತ್ರೆಯ ಸದ್ದು ತಲೆಗೆ ಹೊಡೆದ ಹಾಗಾಗುತ್ತದೆ, ಆದರೆ ಮಾತು ತಿಳಿಯುತ್ತದೆ. ಶಾಲೆಯಲ್ಲಿ ಕೆಲಸಕ್ಕೆ ತೊಂದರೆಯಿಲ್ಲ. ಹಾಜರಿಯನ್ನು ಮಕ್ಕಳೇ ಕೈ ಎತ್ತಿ ಹೇಳುತ್ತಾರೆ. ನಡಿಗೆಯನ್ನು ಮುಂದೆ ಯಾರು ನಡೆಸಬೇಕು ಎನ್ನುವುದು ತೀರ್ಮಾನವಾಗಿಲ್ಲ, ನನ್ನನ್ನು ಯಾರೂ ಕೇಳಿಲ್ಲ. ಏರಿಯ ಮೇಲೆ ಸಿಕ್ಕವರು ಈಗ ಜೋರಾಗಿ ನಮಸ್ಕಾರ ಹೇಳಿ ಬೇಗ ಮುಂದೆ ಹೋಗುತ್ತಾರೆ. ಅದು ಸಹಜ.

ಬೇರೆ ಒಂದು ಕೆಲಸ ನಡೆದಿದೆ. ಆ ಭಾನುವಾರ ಮನೆಗೆ ಬರುವ ದಾರಿಯಲ್ಲೇ ಮಂಜುಶ್ರೀ, “ಓದ್ ವರ್ಸದ ಪಟ್ಟಿ ಏನಪ್ಪ ಮಾಡ್ತೀಯ?” ಎಂದು ಕೇಳಿದ್ದಳು. ಆ ಪಟ್ಟಿಗಳನ್ನು ನಾನು ಕೆರೆಯ ಹೆಸರಿನಲ್ಲಿ ಹಕ್ಕಿ ಲೆಕ್ಕ ಇಡುವವರಿಗೆಲ್ಲ ಕಳಿಸಿದ್ದೇನೆ. ಈಗ ಪರೀಕ್ಷೆ ಮುಗಿದಿದೆ. ದಿನಾ ಸಂಜೆ ಜಗುಲಿಯ ಮೇಲೆ ನಾವಿಬ್ಬರೂ ಹನ್ನೆರಡು ತಿಂಗಳ ಪುಸ್ತಕಗಳನ್ನು ಹರವಿಕೊಂಡು ಕೂರುತ್ತೇವೆ. ಅವಳು ಒಂದೊಂದೇ ಹೆಸರು ಓದಿ, ಇದು ನೋಡಿದ್ದಾ, ಕೇಳಿದ್ದಾ ಎಂದು ಕೇಳುತ್ತಾಳೆ. ನೋಡಿದ್ದು ಎಂದರೆ ಬಿಡುತ್ತಾಳೆ. ಕೇಳಿದ್ದು ಎಂದರೆ ಕೆಂಪು ಗೆರೆ ಎಳೆಯುತ್ತಾಳೆ. ಟುವ್ವಿ ಹೋಯಿತು, ಮಿಂಚುಳ್ಳಿ ಹೋಯಿತು, ಜೊಂಡಿನ ಸಣ್ಣ ಹಕ್ಕಿಗಳೆಲ್ಲ ಹೋದವು. ಹೆಸರಿನ ಮೇಲೆ ಗೆರೆ ಬೀಳುವಾಗ ನನಗೆ ಮೈ ಉರಿಯುತ್ತದೆ, ಆದರೂ ತಪ್ಪು ಅನ್ನಿಸುವುದಿಲ್ಲ.

ನಿನ್ನೆ ಡಿಸೆಂಬರಿನ ಪುಸ್ತಕಕ್ಕೆ ಬಂದೆವು. ಹದಿನೈದನೇ ತಾರೀಖಿನ ಹಾಳೆಯಲ್ಲಿ ಕಪ್ಪು ಕೊಕ್ಕರೆ ಎಂದು ಬರೆದಿದ್ದೇನೆ. ಅಂದು ನಾನು ಒಬ್ಬನೇ ಹೋಗಿದ್ದೆ. ನಿನಗೆ ಗೊತ್ತಲ್ಲ, ಅದು ನಮ್ಮ ಕಡೆ ಬರುವ ಹಕ್ಕಿಯಲ್ಲ. ಇಪ್ಪತ್ತು ವರ್ಷದಲ್ಲಿ ನಾವಿಬ್ಬರೂ ಒಂದು ಸಲವೂ ಕಂಡಿರಲಿಲ್ಲ. ಕೆಂಪು ಕೊಕ್ಕು, ಕೆಂಪು ಕಾಲು, ಬಿಳಿ ಹೊಟ್ಟೆ, ಮೊಣಕಾಲುದ್ದ ನೀರಿನಲ್ಲಿ ಹತ್ತು ನಿಮಿಷ ನಿಂತಿತ್ತು. ಮಂಜುಶ್ರೀ ಆ ಹೆಸರನ್ನು ಓದಿ, ಇದು ನೋಡಿದ್ದಾ ಅಪ್ಪ ಎಂದಳು. ನೋಡಿದ್ದು ಎಂದೆ.

ಅವಳು ತುಂಬ ಹೊತ್ತು ನನ್ನ ಮುಖ ನೋಡಿದಳು. ಕೆಂಪು ಗೆರೆ ಎಳೆಯಲಿಲ್ಲ. ಹಾಗೆಯೇ ಬಿಡಲೂ ಇಲ್ಲ. ಹೆಸರಿನ ಪಕ್ಕದಲ್ಲಿ ಪೆನ್ಸಿಲಿನಿಂದ ಸಣ್ಣದಾಗಿ ‘ಅಪ್ಪ ಹೇಳಿದ್ದು’ ಎಂದು ಬರೆದು ಮುಂದಿನ ಹಾಳೆ ತಿರುಗಿಸಿದಳು.

ಆ ಕೊಕ್ಕರೆಯನ್ನು ನಾನು ನಿಜವಾಗಿಯೂ ನೋಡಿದ್ದೆ, ರಾಜೇಂದ್ರ.

ನಿನ್ನ,
ಸಿದ್ದೇಶ್